ಬಗ್ಗಿದ ಕುದುರೆ, ನಂಬಿದ ಕುದುರೆ

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಕುದುರೆ ಅಂದರೆ ಬರೀ ಒಂದು ಸಂಖ್ಯೆ. ಇಷ್ಟು ಸಾವಿರ ಕಾಲಾಳು, ಇಷ್ಟು ಸಾವಿರ ಕುದುರೆ, ಇಷ್ಟು ಆನೆ, ಇಷ್ಟು ತೋಪು... ಮುಗೀತು. ಸ್ಕೂಲಿನಲ್ಲಿ ನಾವೆಲ್ಲ ಹೀಗೇ ಓದಿ, ಹೀಗೇ ಬರೆದು, ಹೀಗೇ ಮಾರ್ಕ್ಸ್ ತಗೊಂಡವರು. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಗಾಳಿಗೆ ಒಂದು ಪ್ಲಾಸ್ಟಿಕ್ ಕವರ್ ಹಾರಿದರೆ ಬೆಚ್ಚಿ ಓಡುವ ಪ್ರಾಣಿ ಅದು. ಅಂಥದ್ದನ್ನು ತೋಪಿನ ಎದುರಿಗೆ ಒಯ್ದು ನಿಲ್ಲಿಸಿದ್ದು ಹೇಗೆ? ನಿಲ್ಲಿಸಿದವರು ಯಾರು?

ನನಗೂ ಕುದುರೆಗೂ ಹೇಳಿಕೊಳ್ಳುವಂಥ ನಂಟೇನೂ ಇಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಆದರೆ ಊರಿನ ಕಡೆ ನೋಡಿದರೆ ಸುತ್ತಲೂ ಕುದುರೆಯ ಗುರುತುಗಳೇ. ಅಪ್ಪನ ಊರು ಪಾಂಡವಪುರ ತಾಲ್ಲೂಕು, ಅಮ್ಮನ ತವರು ನಾಗಮಂಗಲ ತಾಲ್ಲೂಕು, ಅತ್ತೆಯನ್ನು ಕೊಟ್ಟಿರುವುದು ಕೆ.ಆರ್.ಪೇಟೆ ಕಡೆ. ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟದೆ ಮೈಸೂರು ಸೇರಿದ್ದೇ ಇಲ್ಲ. ಈ ನಾಲ್ಕು ತಾಲ್ಲೂಕುಗಳೊಳಗೇ ಎಂಟುನೂರು ವರ್ಷದ ಕುದುರೆ ಚರಿತ್ರೆ ಬಿದ್ದಿದೆ. ಕೆಲವು ತಿಂಗಳಿಂದ 'ನ್ಯಾಚುರಲ್ ಹಾರ್ಸ್‌ಮನ್‌ಶಿಪ್' ಅನ್ನುವುದರ ಬಗ್ಗೆ ಓದುತ್ತಿದ್ದೆ. ಅದನ್ನು ಓದಿದ ಮೇಲೆ ನಮ್ಮೂರಿನ ಆ ಗುರುತುಗಳು ಬೇರೆ ಥರ ಕಾಣತೊಡಗಿದವು. ಅದಕ್ಕೇ ಈ ಉದ್ದನೆಯ ಬರಹ. ಟೀ ಪಕ್ಕಕ್ಕಿಟ್ಟುಕೊಂಡು ಓದಿ :-)

ಮೊದಲು ಕುದುರೆಯ ಹೆದರಿಕೆ

ಹುಲಿ ಬೇಟೆಯಾಡುವ ಪ್ರಾಣಿ, ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಇಡೀ ಕಥೆ ಇರುವುದು ಇದರಲ್ಲೇ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ತಲೆ ತಿರುಗಿಸದೆಯೇ ಹೆಚ್ಚು ಕಡಿಮೆ ಸುತ್ತಲೂ, ಸುಮಾರು 350 ಡಿಗ್ರಿಯಷ್ಟು, ಅದಕ್ಕೆ ಕಾಣುತ್ತದೆ. ಕಾಣದೇ ಇರುವುದು ಎರಡೇ ಕಡೆ: ಮೂಗಿನ ಮುಂದೆ ಒಂಚೂರು, ಬಾಲದ ಹಿಂದೆ ಒಂಚೂರು. 'ಸಾಹೇಬರ ಮುಂದೆ ಹೋಗಬೇಡ, ಕುದುರೆ ಹಿಂದೆ ಹೋಗಬೇಡ' ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದರ ಅರ್ಧ ಭಾಗಕ್ಕೆ ಕಾರಣ ಇದು. (ಇನ್ನರ್ಧಕ್ಕೆ ಕಾರಣ ಆಫೀಸಿಗೆ ಹೋಗುವವರಿಗೆಲ್ಲ ಗೊತ್ತು.) ಹಿಂದಿನಿಂದ ಬಂದದ್ದು ಹುಲಿಯೋ ಮನುಷ್ಯನೋ ಅದಕ್ಕೆ ಗೊತ್ತಾಗುವುದಿಲ್ಲ. ಮೊದಲು ಒದೆಯುತ್ತದೆ ಅಥವಾ ಓಡುತ್ತದೆ, ಆಮೇಲೆ ತಿರುಗಿ ನೋಡುತ್ತದೆ. ಲಕ್ಷಾಂತರ ವರ್ಷ ಹಾಗೆ ಓಡಿದ್ದರಿಂದಲೇ ಅದು ಉಳಿದುಕೊಂಡಿದೆ. ನಾವು ಅದನ್ನು 'ಬೆದರು ಕುದುರೆ' ಅಂತ ಬೈದರೆ ಅದು ಏನು ಮಾಡೀತು?

ಇನ್ನೊಂದು ವಿಷಯ. ಕುದುರೆ ನಮ್ಮ ಮೈಯನ್ನು ಓದುತ್ತದೆ. ನೂರು ವರ್ಷದ ಹಿಂದೆ ಬರ್ಲಿನ್‌ನಲ್ಲಿ 'ಕ್ಲೆವರ್ ಹ್ಯಾನ್ಸ್' ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಕಾಲಿನಿಂದ ನೆಲ ಕುಟ್ಟಿ ಉತ್ತರ ಹೇಳುತ್ತಿತ್ತು. ಊರಿಗೆ ಊರೇ ಬೆರಗಾಗಿತ್ತು. 1907ರಲ್ಲಿ ಆಸ್ಕರ್ ಫಂಗ್ಸ್ಟ್ ಅನ್ನುವವರು ಪರೀಕ್ಷೆ ಮಾಡಿ ನೋಡಿದಾಗ ಗುಟ್ಟು ತಿಳಿಯಿತು. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವನ ತಲೆ ತನಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು! ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ, ಮನುಷ್ಯನನ್ನು ಓದಲು ಬರುತ್ತಿತ್ತು. ಹೀಗಿರುವಾಗ ಒಳಗೆ ಕೋಪವನ್ನೋ ದಿಗಿಲನ್ನೋ ಇಟ್ಟುಕೊಂಡು ಹೊರಗೆ ನಗುತ್ತಾ ಕುದುರೆಯ ಹತ್ತಿರ ಹೋದರೆ ಅದಕ್ಕೆ ಗೊತ್ತಾಗದೇ ಇರುತ್ತದೆಯೇ?

ಎರಡು ದಾರಿ

ಹೆದರುವ ಕುದುರೆಯನ್ನು ಸರಿಮಾಡಲು ಲೋಕದಲ್ಲಿ ಎರಡು ದಾರಿ ಇದ್ದವು. ಒಂದು, ಕಟ್ಟಿಹಾಕಿ, ಹೊಡೆದು, ಸುಸ್ತು ಮಾಡಿ ಬಗ್ಗಿಸುವುದು. ಇನ್ನೊಂದು ನಂಬಿಸುವುದು.

ಎರಡನೆಯದು ಇತ್ತೀಚೆಗೆ ಅಮೆರಿಕದವರು ಕಂಡುಹಿಡಿದದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಟಾಮ್ ಡೊರಾನ್ಸ್ (1910-2003), ರೇ ಹಂಟ್ ಮುಂತಾದವರು ಅಲ್ಲಿನ ದನಗಾಹಿ ಸವಾರರ ನಡುವೆ ಇದನ್ನು ಬೆಳೆಸಿದ್ದು ನಿಜ. 1980ರ ದಶಕದಲ್ಲಿ ಪ್ಯಾಟ್ ಪರೆಲ್ಲಿಯವರಿಂದ 'ನ್ಯಾಚುರಲ್ ಹಾರ್ಸ್‌ಮನ್‌ಶಿಪ್' ಅನ್ನುವ ಹೆಸರು ಜನಪ್ರಿಯವಾಯಿತು. ಆದರೆ ಗ್ರೀಸಿನ ಕ್ಸೆನೊಫನ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದಿದ್ದ. ಕೋಪ ಬಂದಾಗ ಕುದುರೆಯ ಹತ್ತಿರ ಹೋಗಬೇಡ. ಹೆದರಿದ್ದಕ್ಕೆ ಹೊಡೆದರೆ ಆ ವಸ್ತುವಿನ ಜೊತೆ ನೋವೂ ಸೇರಿ ಹೆದರಿಕೆ ಇಮ್ಮಡಿಯಾಗುತ್ತದೆ. ಅದಕ್ಕಿಂತ ಆ ವಸ್ತುವಿನಲ್ಲಿ ಅಪಾಯವಿಲ್ಲವೆಂದು ಮೆಲ್ಲಗೆ ತೋರಿಸು ಎನ್ನುವುದು ಅವನ ಮಾತಿನ ಸಾರಾಂಶ.

ಈ ವಿಧಾನದ ಕೆಲಸ ನೋಡಲು ಸಪ್ಪೆ. ಕುದುರೆಯ ಕಡೆ ನೇರವಾಗಿ ದಿಟ್ಟಿಸಿ ನಡೆಯಬಾರದು, ಹುಲಿ ಬರುವುದು ಹಾಗೆ. ಓರೆಯಾಗಿ, ಅದರ ಹೆಗಲಿನ ಕಡೆಗೆ ನಿಧಾನವಾಗಿ ಹೋಗಬೇಕು. ಕುದುರೆ ತಲೆ ಎತ್ತಿ ಮೈ ಬಿಗಿ ಮಾಡಿದರೆ ಅಲ್ಲೇ ನಿಲ್ಲಬೇಕು. ಅದು ಒಂಚೂರು ಸಡಿಲವಾದ ಕೂಡಲೇ, ಅಂದರೆ ತಲೆ ತಗ್ಗಿಸಿತು, ಬಾಯಿ ಮೆಲುಕು ಹಾಕಿತು, ಒಂದು ಕಿವಿ ನಮ್ಮ ಕಡೆ ತಿರುಗಿಸಿತು ಅಂದರೆ, ನಾವೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಹಿಂದಕ್ಕೆ! ಇದೇ ಅದಕ್ಕೆ ಬಹುಮಾನ. ಬೆಲ್ಲ ಕೊಡುವುದಕ್ಕಿಂತ ದೊಡ್ಡದು, ಒತ್ತಡ ತೆಗೆಯುವುದು. ನಾಳೆ ಇನ್ನೊಂದು ಹೆಜ್ಜೆ. ನಾಡಿದ್ದು ಕತ್ತಿನ ಬುಡ ಸವರುವುದು. ಕುದುರೆಗಳು ಪರಸ್ಪರ ಕೆರೆದುಕೊಳ್ಳುವುದು ಕತ್ತು ಮತ್ತು ಬೆನ್ನು ಸೇರುವ ಆ ದಿಬ್ಬದಲ್ಲೇ. ಅಲ್ಲಿ ಕೆರೆದರೆ ಕುದುರೆಯ ಎದೆಬಡಿತ ನಿಧಾನವಾಗುತ್ತದೆ ಅಂತ 1993ರಲ್ಲಿ ಫ್ರಾನ್ಸಿನಲ್ಲಿ ಅಳೆದು ತೋರಿಸಿದ್ದಾರೆ. ನಮ್ಮಲ್ಲಿ ಹಸು ಸಾಕಿದ ಯಾವ ಅಜ್ಜಿಗೂ ಗಂಗೆದೊಗಲು ಸವರುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಲೆಕ್ಕ.

ಈಗ ತೊಡಕಿನ ವಿಷಯ. 1858ರಲ್ಲಿ ಅಮೆರಿಕದ ಜಾನ್ ರೇರಿ ಲಂಡನ್ನಿಗೆ ಹೋಗಿ 'ಕ್ರೂಸರ್' ಅನ್ನುವ, ಯಾರನ್ನೂ ಹತ್ತಿರ ಸೇರಿಸದ ಕುದುರೆಯನ್ನು ಪಳಗಿಸಿ ಹೆಸರು ಮಾಡಿದ. ವಿಕ್ಟೋರಿಯಾ ರಾಣಿಯ ಮುಂದೆಯೂ ಪ್ರದರ್ಶನ ಕೊಟ್ಟ. ಚಾವಟಿ ಇಲ್ಲ, ಬೈಗುಳ ಇಲ್ಲ. ಆದರೆ ಅವನ ವಿಧಾನ ಏನು? ಕುದುರೆಯ ಒಂದು ಮುಂಗಾಲನ್ನು ಮಡಿಸಿ ಕಟ್ಟಿ, ಮೆಲ್ಲಗೆ ಅದನ್ನು ನೆಲಕ್ಕೆ ಮಲಗಿಸುವುದು. ಓಡುವುದೇ ಜೀವವಾಗಿರುವ ಪ್ರಾಣಿಗೆ ಓಡಲಾಗದ ಹಾಗೆ ಮಾಡಿ, ಆಮೇಲೆ ಸವರುವುದು. ಕುದುರೆ ಸುಮ್ಮನಾಗುತ್ತಿತ್ತು, ನಿಜ. ಅದು ನಂಬಿ ಸುಮ್ಮನಾಯಿತೋ, 'ಇನ್ನು ನನ್ನ ಕೈಲಾಗುವುದಿಲ್ಲ' ಅಂತ ಕೈಚೆಲ್ಲಿ ಸುಮ್ಮನಾಯಿತೋ?

ನಮ್ಮ ಕೆಲಸದಲ್ಲಿ ಇದಕ್ಕೆ ಒಂದು ಒಳ್ಳೆಯ ಹೋಲಿಕೆ ಇದೆ. ಎರರ್ ಮೆಸೇಜು ಬರದ ಹಾಗೆ ಮಾಡುವುದು ಬೇರೆ, ಎರರ್ ಸರಿಪಡಿಸುವುದು ಬೇರೆ. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬಗ್ಗಿದ ಕುದುರೆಯೂ ನಂಬಿದ ಕುದುರೆಯೂ ಲಾಯದಲ್ಲಿ ನಿಂತಾಗ ಒಂದೇ ಥರ. ವ್ಯತ್ಯಾಸ ಗೊತ್ತಾಗುವುದು ನಿಜವಾದ ಹೆದರಿಕೆ ಎದುರಾದಾಗ. ಇದನ್ನು ತಲೆಯಲ್ಲಿಟ್ಟುಕೊಂಡು ಈಗ ನಮ್ಮ ಕಡೆಗೆ ಬರೋಣ.

ಹೊಸಹೊಳಲಿನ ಸಾಲು ಕುದುರೆಗಳು

ಕೆ.ಆರ್.ಪೇಟೆಗೆ ಅಂಟಿಕೊಂಡ ಹಾಗೇ ಇದೆ ಹೊಸಹೊಳಲು. ಅಲ್ಲಿನ ಲಕ್ಷ್ಮೀನಾರಾಯಣ ದೇವಸ್ಥಾನ ಸುಮಾರು 1250ರದ್ದು, ಹೊಯ್ಸಳರ ಸೋಮೇಶ್ವರನ ಕಾಲದ್ದು. ಬೇಲೂರು ಹಳೇಬೀಡಿನ ಗದ್ದಲ ಇಲ್ಲಿಲ್ಲ. ಗೋಡೆಯ ಬುಡದಲ್ಲಿ ಸುತ್ತಲೂ ಪಟ್ಟಿಗಳು: ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಕುದುರೆ ಸವಾರರು, ಮೇಲೆ ಬಳ್ಳಿ, ಅದರ ಮೇಲೆ ರಾಮಾಯಣ ಭಾರತದ ಕಥೆ. ನಾವು ಸಾಮಾನ್ಯವಾಗಿ ಕಥೆಯ ಸಾಲಿಗೆ ಕಣ್ಣು ಕೊಟ್ಟು, ಕುದುರೆಯ ಸಾಲನ್ನು ಬಾರ್ಡರ್ ಡಿಸೈನ್ ಅಂದುಕೊಂಡು ಮುಂದೆ ಹೋಗುತ್ತೇವೆ. ಮುಂದಿನ ಸಲ ಹೋದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿ. ಕಡಿವಾಣ, ಲಗಾಮು, ಜೀನು, ಎಲ್ಲ ನೋಡಿ. ಕುದುರೆಯನ್ನು ದಿನಾ ನೋಡುತ್ತಿದ್ದವರ ಕೈಕೆಲಸ ಅದು.

ಆದರೆ ಕುದುರೆ ನಮ್ಮ ಈ ನೆಲದ ಪ್ರಾಣಿ ಅಲ್ಲ. ಒಳ್ಳೆಯ ಕುದುರೆಗಳು ಅರಬ್ಬಿ, ಪಾರಸಿ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಹಡಗಿನಲ್ಲಿ ವಾರಗಟ್ಟಲೆ ಕತ್ತಲಲ್ಲಿ ಓಲಾಡಿ, ಗೊತ್ತಿಲ್ಲದ ಊರಿನಲ್ಲಿ ಇಳಿದು, ಗೊತ್ತಿಲ್ಲದ ಮೇವು ತಿಂದು, ಗೊತ್ತಿಲ್ಲದ ಭಾಷೆ ಕೇಳಿ, ಘಟ್ಟ ಹತ್ತಿ ಬರಬೇಕಿತ್ತು. 13ನೇ ಶತಮಾನದ ಕೊನೆಗೆ ದಕ್ಷಿಣ ಭಾರತದ ಕರಾವಳಿಗೆ ಬಂದ ಮಾರ್ಕೋ ಪೋಲೋ, ತಮಿಳುನಾಡಿನ ರಾಜರು ವರ್ಷವರ್ಷವೂ ಸಾವಿರಾರು ಕುದುರೆ ಕೊಂಡರೂ ನೋಡಿಕೊಳ್ಳುವುದು ಗೊತ್ತಿಲ್ಲದೆ ಅವು ಸಾಯುತ್ತಿದ್ದವು ಅಂತ ಬರೆದಿದ್ದಾನೆ. ವಿಜಯನಗರದ ವಿಷಯ ಬರೆದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಸಾಳುವ ನರಸಿಂಹ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದ ಅನ್ನುತ್ತಾನೆ. ಅಂದರೆ ಲಾಯಕ್ಕೆ ಬಂದು ಸೇರುತ್ತಿದ್ದ ಪ್ರತಿಯೊಂದು ಕುದುರೆಯೂ ಮೊದಲೇ ಹೆದರಿದ್ದ ಕುದುರೆ. ಅದನ್ನು ಮೊದಲ ದಿನ ಮುಟ್ಟಿದವನು ಯಾವ ರಾಜನೂ ಅಲ್ಲ, ದಂಡನಾಯಕನೂ ಅಲ್ಲ.

ಶ್ರೀರಂಗಪಟ್ಟಣದ ಕುದುರೆ ಪುಸ್ತಕಗಳು

ನನಗೆ ಬಹಳ ಖುಷಿ ಕೊಟ್ಟ ಭಾಗ ಇದು. ಕುದುರೆಯ ಬಗ್ಗೆ ನಮ್ಮವರು ಬರೆದೇ ಇಲ್ಲ ಅಂತಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ 'ವಾಜಿವಾಹ್ಯಾಲಿ ವಿನೋದ' ಅಂತ ಒಂದು ಭಾಗವೇ ಇದೆ. ಕುದುರೆ ತಯಾರಿ, ಸವಾರಿ, ಕುದುರೆ ಮೇಲೆ ಕೂತು ಚೆಂಡಾಡುವುದು, ಎಲ್ಲ ಬರುತ್ತದೆ. ಕನ್ನಡದಲ್ಲೇ ವಿಜಯನಗರ ಕಾಲದ ಅಭಿನವಚಂದ್ರನ 'ಅಶ್ವವೈದ್ಯ' ಇದೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ತೆಗೆದುಕೊಂಡು ರಾಜಧಾನಿ ಮಾಡಿಕೊಂಡರು. ಅವರ ನಂತರ ಬಂದ ಚಾಮರಾಜ ಒಡೆಯರ ಕಾಲದಲ್ಲಿ (1617-1637) ಎರಡು ಕನ್ನಡ ಗ್ರಂಥಗಳು ಬಂದವು: ರಾಮಚಂದ್ರನ 'ಅಶ್ವಶಾಸ್ತ್ರ', ಪದ್ಮಣ ಪಂಡಿತನ 'ಹಯಸಾರಸಮುಚ್ಚಯ'. ಎರಡೂ 1620ರ ದಶಕದವು. ಸ್ವಲ್ಪ ಯೋಚಿಸಿ. ಒಂದು ಸಣ್ಣ ರಾಜ್ಯ, ಕೋಟೆ ಕೈಗೆ ಬಂದು ಇನ್ನೂ ಇಪ್ಪತ್ತು ವರ್ಷವೂ ತುಂಬಿಲ್ಲ, ಆಗಲೇ ಕುದುರೆಯ ಮೇಲೆ ಎರಡೆರಡು ಪುಸ್ತಕ, ಅದೂ ಕನ್ನಡದಲ್ಲಿ! ಸಂಸ್ಕೃತ ಬಲ್ಲ ಪಂಡಿತರಿಗಾಗಿಯೇ ಆಗಿದ್ದರೆ ಸಂಸ್ಕೃತದಲ್ಲೇ ಬರೆಯಬಹುದಿತ್ತು. ಲಾಯದಲ್ಲಿ ಯಾರೋ ಒಬ್ಬ ಓದುತ್ತಾನೆ, ಇನ್ನೊಬ್ಬ ಕೇಳಿಸಿಕೊಳ್ಳುತ್ತಾನೆ ಅನ್ನುವ ನಂಬಿಕೆ ಇಲ್ಲದೆ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದರು? ಇದು ನನ್ನ ಊಹೆ, ಆದರೆ ನನಗೆ ಇಷ್ಟವಾದ ಊಹೆ.

ಈ ಬಗೆಯ ಅಶ್ವಶಾಸ್ತ್ರಗಳಲ್ಲಿ ಬಣ್ಣ, ಹಲ್ಲು ನೋಡಿ ವಯಸ್ಸು ಹೇಳುವುದು, ನಡಿಗೆಯ ಬಗೆಗಳು, ರೋಗ, ಮದ್ದು ಇವೆಲ್ಲ ಇರುತ್ತವೆ. ಸುಳಿಯ ವಿಚಾರವೂ ಇರುತ್ತದೆ. ಯಾವ ಸುಳಿ ಒಳ್ಳೆಯದು, ಯಾವುದು ಯಜಮಾನನಿಗೆ ಕೇಡು ಅಂತ. ಓದಿ ನಕ್ಕುಬಿಡುವುದು ಸುಲಭ. ಆದರೆ 1995ರಲ್ಲಿ ಅಮೆರಿಕದ ಟೆಂಪಲ್ ಗ್ರಾಂಡಿನ್ ಮತ್ತು ಜೊತೆಗಾರರು ದನಗಳ ಹಣೆಯ ಸುಳಿಯನ್ನು ಅಳೆದು, ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದ್ದ ದನಗಳು ಹೆಚ್ಚು ಗಾಬರಿಬೀಳುತ್ತವೆ ಅಂತ ಪ್ರಕಟಿಸಿದರು. ಸುಳಿಯಿಂದ ಯಜಮಾನನ ಹಣೆಬರಹ ಗೊತ್ತಾಗುತ್ತದೆ ಅನ್ನುವುದು ಸುಳ್ಳೇ. ಪ್ರಾಣಿಯ ಸ್ವಭಾವವನ್ನು ಅದರ ಮೈಮೇಲೆ ಹುಡುಕುತ್ತಿದ್ದ ಕಣ್ಣು ಮಾತ್ರ ಸುಳ್ಳಲ್ಲ.

ಸ್ವಂತ ಕುದುರೆ, ಸರ್ಕಾರಿ ಕುದುರೆ

ಈಗ ಹೈದರನ ಕಾಲಕ್ಕೆ ಬನ್ನಿ. ಆಗಿನ ಕುದುರೆ ಪಡೆಗಳಲ್ಲಿ ಎರಡು ಥರದ ಸವಾರರು. 'ಸಿಲೇದಾರ' ಅಂದರೆ ಕುದುರೆಯೂ ಅವನದೇ, ಹತಾರವೂ ಅವನದೇ, ಎರಡಕ್ಕೂ ಸೇರಿಸಿ ಸಂಬಳ. 'ಬಾರಗೀರ' ಅಂದರೆ ಕುದುರೆ ಸರ್ಕಾರದ್ದು ಅಥವಾ ಯಜಮಾನನದ್ದು, ಇವನು ಬರೀ ಹತ್ತುವವನು. ಮರಾಠರಲ್ಲಿಯೂ ಇದೇ ಪದ್ಧತಿ.

ಸಿಲೇದಾರನ ಕುದುರೆ ಸತ್ತರೆ ಅವನ ಅನ್ನವೇ ಹೋಯಿತು. ಹೀಗಾಗಿ ಅವನು ಕುದುರೆಯನ್ನು ಮಗನ ಹಾಗೆ ನೋಡಿಕೊಳ್ಳುತ್ತಿದ್ದ; ಅದೇ ಕಾರಣಕ್ಕೆ ಅಪಾಯ ಕಂಡರೆ ಹಿಂದೇಟು ಹಾಕುತ್ತಾನೆ ಅಂತ ಸೇನಾಧಿಪತಿಗಳ ದೂರು ಕೂಡ ಇತ್ತು. ಬಾರಗೀರನಿಗೆ ಆ ಭಯ ಇಲ್ಲ, ಆದರೆ ಇವತ್ತು ಈ ಕುದುರೆ, ನಾಳೆ ಇನ್ನೊಂದು. ನಂಬಿಕೆಯ ಕಣ್ಣಿಂದ ನೋಡಿದರೆ ಈ ವ್ಯತ್ಯಾಸ ಬಹಳ ದೊಡ್ಡದು. ಹತ್ತು ವರ್ಷ ಒಬ್ಬನೇ ಹುರುಳಿ ಬೇಯಿಸಿ ಹಾಕಿ, ಒಬ್ಬನೇ ಮೈ ಉಜ್ಜಿ, ಒಬ್ಬನೇ ಹತ್ತಿದ ಕುದುರೆಗೆ ಆ ಮನುಷ್ಯನ ಮೈ ಬಾಯಿಪಾಠ ಆಗಿರುತ್ತದೆ. ಸಾವಿರ ರೂಪಾಯಿಯ ಕುದುರೆಯನ್ನು ಎರಡು ಕಾಸಿನ ತೋಪಿನ ಗುಂಡಿಗೆ ಯಾಕೆ ಒಡ್ಡಲಿ ಅಂತ ಹೈದರ್ ಇಂಗ್ಲಿಷರಿಗೆ ಹೇಳಿದ್ದನಂತೆ. ಮಾತು ಹಾಗೇ ಆಡಿದ್ದನೋ ಇಲ್ಲವೋ, ಅವನ ಯುದ್ಧದ ರೀತಿ ಮಾತ್ರ ಹಾಗೇ ಇತ್ತು. ಎದುರಿಗೆ ನುಗ್ಗುವುದಕ್ಕಿಂತ ಸುತ್ತುವುದು, ಮೇವು ತಡೆಯುವುದು, ಶತ್ರುವನ್ನು ನಡೆಸಿ ನಡೆಸಿ ಸುಸ್ತು ಮಾಡುವುದು.

ಸವಾರನ ಹಿಂದೆ ಇನ್ನೊಂದು ಸೈನ್ಯವೇ ಇತ್ತು. ಹುಲ್ಲು ತರುವವರು, ಮಾಲೀಷು ಮಾಡುವ ಸಯೀಸರು, ಲಾಳ ಕಟ್ಟುವ ನಾಲಬಂದರು, ಔಷಧಿ ಕೊಡುವ ಸಾಲೋತ್ರಿಗಳು, ಹೊಸ ಕುದುರೆಯನ್ನು ಸವಾರಿಗೆ ತಯಾರು ಮಾಡುವ ಚಾಬುಕ್ ಸವಾರರು. ('ಚಾಬುಕ್' ಅಂದರೆ ಚಾವಟಿ. ಹೆಸರಿನಲ್ಲೇ ಮೊದಲ ದಾರಿ ಇದೆ, ನೋಡಿ.) ನಾಲಬಂದ ಅನ್ನುವುದು ಈಗಲೂ ನಮ್ಮ ರಾಜ್ಯದಲ್ಲಿ ಮನೆತನದ ಹೆಸರಾಗಿ ಉಳಿದಿದೆ, ರಾವುತ ಅನ್ನುವುದೂ ಹಾಗೇ. ನಾಗಮಂಗಲದ ಪಕ್ಕದ ತಾಲ್ಲೂಕು ಕುಣಿಗಲ್‌ನ ಕುದುರೆ ಫಾರಂಗೂ ಹೈದರ್-ಟಿಪ್ಪು ಕಾಲದ ಕುದುರೆ ಪಡೆಯ ನಂಟಿದೆ. ಮುಂದೆ ಅದು ರೇಸ್ ಕುದುರೆಗಳಿಗೆ ಹೆಸರಾಯಿತು. ರೇಸಿನಲ್ಲಿ ಗೆದ್ದ ಕುದುರೆಯ ಹೆಸರು ಪೇಪರಿನಲ್ಲಿ ಬರುತ್ತದೆ, ಅದು ಮರಿಯಾಗಿದ್ದಾಗ ಮೊದಲು ಕಾಲೆತ್ತಿಸಿದವನ ಹೆಸರು ಎಲ್ಲೂ ಬರುವುದಿಲ್ಲ. ಅಂದಿಗೂ ಇಂದಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಚಿನಕುರಳಿ, 1771

ಪಾಂಡವಪುರ ತಾಲ್ಲೂಕಿನವರಿಗೆ ಚಿನಕುರಳಿ ಗೊತ್ತು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. 1771ರ ಮಾರ್ಚಿಯಲ್ಲಿ ಅಲ್ಲಿ ಹೈದರನ ಸೈನ್ಯ ಮರಾಠರ ತ್ರಿಂಬಕರಾಯನ ಕೈಯಲ್ಲಿ ನುಚ್ಚುನೂರಾಯಿತು. ಹೈದರ್ ಮೇಲುಕೋಟೆಯ ಬೆಟ್ಟಗಳ ನಡುವೆ ಬೀಡುಬಿಟ್ಟಿದ್ದ. ಮರಾಠರ ಕಾಟ ತಡೆಯಲಾಗದೆ ಒಂದು ರಾತ್ರಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಹೊರಟುಬಿಡುವ ಯೋಚನೆ ಮಾಡಿದ. ಸೈನ್ಯ ಕತ್ತಲಲ್ಲಿ ಹೊರಟಿತು. ದಾರಿಯಲ್ಲಿ ಅವರದೇ ಒಂದು ತೋಪು ಹಾರಿತು. ಬೇಕೆಂದು ಹಾರಿಸಿದ್ದೋ, ತಪ್ಪಿ ಹಾರಿದ್ದೋ, ಅಂತೂ ಗುಟ್ಟು ರಟ್ಟಾಯಿತು. ಬೆಳಗಾಗುವಷ್ಟರಲ್ಲಿ ಮರಾಠರ ಕುದುರೆಗಳು ಸುತ್ತುವರಿದಿದ್ದವು. ಶಿಸ್ತಿನಲ್ಲಿ ಹೊರಟಿದ್ದ ಸೈನ್ಯ ಚಿನಕುರಳಿ ಹತ್ತಿರ ಚೆಲ್ಲಾಪಿಲ್ಲಿಯಾಯಿತು. ಹೈದರ್ ಕುದುರೆಯೇರಿ ಶ್ರೀರಂಗಪಟ್ಟಣ ಸೇರಿದ. ಟಿಪ್ಪು ಫಕೀರನ ವೇಷದಲ್ಲಿ ಆಮೇಲೆ ಬಂದು ಸೇರಿದ ಅಂತ ಹೇಳುತ್ತಾರೆ.

ಇತಿಹಾಸಕಾರರು ಇದಕ್ಕೆ ಕೊಡುವ ಕಾರಣಗಳು ಬೇರೆ. ಹೈದರ್ ಆ ರಾತ್ರಿ ಕುಡಿದಿದ್ದ, ಅಪ್ಪ ಮಗನಿಗೆ ಜಗಳವಾಯಿತು ಅಂತೆಲ್ಲ ವಿಲ್ಕ್ಸ್ ಬರೆದಿದ್ದಾನೆ. ನಾನು ಆ ರಾತ್ರಿಯನ್ನು ಪ್ರಾಣಿಗಳ ಕಡೆಯಿಂದ ಕಲ್ಪಿಸಿಕೊಳ್ಳುತ್ತೇನೆ. ದಿನಗಟ್ಟಲೆ ಗುಂಡಿನ ಸದ್ದು ಕೇಳಿದ, ಸರಿಯಾಗಿ ಮೇವು ನೀರು ಸಿಗದ ಕುದುರೆ, ಎತ್ತು, ಒಂಟೆಗಳು. ಕತ್ತಲು. ಬೆಟ್ಟದ ಇಕ್ಕಟ್ಟು ದಾರಿ. ಮೇಲೆ ಕೂತವನ ತೊಡೆ ಭಯಕ್ಕೆ ಬಿಗಿದಿದೆ, ಅದು ಕುದುರೆಗೆ ಗೊತ್ತಾಗುತ್ತಿದೆ. ಆಗ ಪಕ್ಕದಲ್ಲೇ ಒಂದು ತೋಪು! ಒಂದು ಕುದುರೆ ಬೆದರಿದರೆ ಪಕ್ಕದ್ದು ಕಾರಣ ಕೇಳುವುದಿಲ್ಲ, ಅದೂ ಓಡುತ್ತದೆ. ಮಂದೆಯ ಪ್ರಾಣಿ. ಸವಾರನ ಕೈ ತಣ್ಣಗಿದ್ದರೆ, ಆ ಕೈಯನ್ನು ಕುದುರೆ ವರ್ಷಗಟ್ಟಲೆ ಬಲ್ಲದ್ದಾದರೆ, ಅದು ನಿಂತರೂ ನಿಂತೀತು. ಬಗ್ಗಿಸಿದ ಕುದುರೆಗೆ ನಿಲ್ಲಲು ಯಾವ ಕಾರಣವೂ ಇರುವುದಿಲ್ಲ. ಯುದ್ಧದಲ್ಲಿ ಯಾರು ಗೆದ್ದರು ಸೋತರು ಅನ್ನುವುದನ್ನು ಕುದುರೆಯ ತಲೆಗೆ ಕಟ್ಟಲು ನಾನು ಹೊರಟಿಲ್ಲ. ಆದರೆ ಆ ಅಂಕಿಯ ಒಳಗೆ ಎಷ್ಟು ನಂಬಿದವು, ಎಷ್ಟು ಬಗ್ಗಿದವು ಅನ್ನುವ ಲೆಕ್ಕ ಇತ್ತು, ಅಂಥ ರಾತ್ರಿಗಳಲ್ಲಿ ಅದು ಹೊರಗೆ ಬರುತ್ತಿತ್ತು ಅನ್ನುವುದಷ್ಟೇ ನನ್ನ ಮಾತು.

ಇದರ ಇನ್ನೊಂದು ಮುಖ ನೋಡಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. 1784ರಲ್ಲಿ ಕಟ್ಟಿದ್ದು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ಮಧ್ಯೆ ಇಂಗ್ಲಿಷರ ಚೌಕ, ಮದ್ದಿನ ಬಂಡಿ ಸಿಡಿಯುತ್ತಿದೆ, ಸುತ್ತ ಮೈಸೂರಿನ ಕುದುರೆಗಳು ಅದರ ಮೇಲೇ ನುಗ್ಗುತ್ತಿವೆ. ಗೈಡುಗಳು ಹೈದರ್ ಎಲ್ಲಿ, ಟಿಪ್ಪು ಎಲ್ಲಿ, ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ ಎಲ್ಲಿ ಅಂತ ತೋರಿಸುತ್ತಾರೆ. ಸಿಡಿಯುವ ಬಂಡಿಯ ಕಡೆ ಹೋಗುತ್ತಿರುವ ಕುದುರೆಗಳನ್ನು ನೀವೇ ನೋಡಿಕೊಳ್ಳಬೇಕು. ಚಿತ್ರಕಾರ ರಾಜನನ್ನು ಮೆಚ್ಚಿಸಲು ಬರೆದದ್ದು ಇರಬಹುದು. ಆದರೂ ಕೆಲವು ಕುದುರೆಗಳು ನಿಜವಾಗಿ ಹಾಗೆ ಹೋಗಿರಬೇಕು. ಬರೀ ಚಾವಟಿಯಿಂದ ಅದು ಆಗುವ ಕೆಲಸವಲ್ಲ.

ತಾತನ ಹೋರಿ, ಯಜಮಾನರ ಟಾಂಗಾ

ನಾಗಮಂಗಲದ ನಮ್ಮ ತಾತನ ಮನೆಯಲ್ಲಿ ಕುದುರೆ ಇರಲಿಲ್ಲ, ಹಳ್ಳಿಕಾರ್ ಹೋರಿಗಳಿದ್ದವು. ಹಳ್ಳಿಕಾರ್ ಚುರುಕಿನ ತಳಿ, ಅಷ್ಟೇ ಬೆದರುವ ತಳಿ ಕೂಡ. ತಾತ ಹೊಸ ಹೋರಿ ತಂದರೆ ಮೊದಲ ವಾರ ಕೆಲಸವನ್ನೇ ಕೊಡುತ್ತಿರಲಿಲ್ಲ. ಬೆಳಗ್ಗೆ ಸಂಜೆ ಕೊಟ್ಟಿಗೆಯಲ್ಲಿ ಅದರ ಪಕ್ಕ ಬೀಡಿ ಸೇದಿಕೊಂಡು ಸುಮ್ಮನೆ ಕೂತಿರುತ್ತಿದ್ದರು. 'ಯಾಕೆ ತಾತ, ಹೊಡುದ್ರೆ ಬೇಗ ಕಲಿಯಲ್ವಾ?' ಅಂತ ಕೇಳಿದ್ದಕ್ಕೆ 'ಹೊಡುದ್ರೆ ಮೈ ಬಗ್ತದೆ ಕಣ್ಲಾ ಮಗಾ, ಮನ್ಸು ಬಗ್ಗಕ್ಕಿಲ್ಲ. ಗಾಡಿ ಕೆರೆ ಏರಿ ಮ್ಯಾಲೆ ಇದ್ದಾಗ ಬೇಕಾಗೋದು ಮನ್ಸು' ಅಂದಿದ್ದರು. ಕೆರೆ ಏರಿಯ ಮೇಲೆ ಗಾಡಿ ಹೊಡೆದವರಿಗೆ ಇದರ ಅರ್ಥ ಆಗುತ್ತದೆ. ಒಂದು ಕಡೆ ನೀರು, ಒಂದು ಕಡೆ ಇಳಿಜಾರು, ಎತ್ತು ಬೆದರಿದರೆ ಮುಗಿಯಿತು ಕಥೆ.

ಇನ್ನೊಬ್ಬರು ಶ್ರೀರಂಗಪಟ್ಟಣದಲ್ಲಿ ಸಿಕ್ಕ ಒಬ್ಬ ಹಿರಿಯರು. ಸಂಗಮ, ಗುಂಬಜ್ ಕಡೆಗೆ ಬಹಳ ವರ್ಷ ಟಾಂಗಾ ಓಡಿಸಿದವರು. 'ಯಜಮಾನ್ರೇ, ಲಾರಿ ಹಾರನ್ನಿಗೆ ಕುದುರೆ ಬೆದರಲ್ವಾ? ಕಣ್ಣುಪಟ್ಟಿ ಕಟ್ಟಿದರೆ ಸಾಕಾ?'' ಅಂತ ಕೇಳಿದೆ. ಅವರು ನಕ್ಕರು. 'ಪಟ್ಟಿ ಕಟ್ಟಿದ್ರೆ ಹೆದ್ರಿಕೆ ಹೋಗಲ್ಲಪ್ಪಾ, ಕಾಣ್ಸಲ್ಲ ಅಷ್ಟೇ. ಹೊಸಾ ಕುದುರೆನ ನಾನು ಮೊದ್ಲು ಗಾಡಿ ಇಲ್ದೆ, ಬರೀ ಹಗ್ಗ ಹಿಡ್ಕೊಂಡು ರೋಡ್ ಪಕ್ಕ ದೂರದಲ್ಲಿ ಮೇಯಿಸ್ತಿದ್ದೆ. ಲಾರಿ ಹೋಗ್ತಿರ್ಲಿ, ಅದು ಹುಲ್ಲು ತಿಂತಿರ್ಲಿ. ದಿನಾ ಒಂಚೂರು ಹತ್ರ. ಒಂದಿನ ತಲೆ ಎತ್ತದೆ ತಿಂತದಲ್ಲ, ಆವತ್ತು ಗಾಡಿ ಕಟ್ಟೋದು.'

ನಾನು ಪುಸ್ತಕಗಳಲ್ಲಿ ಓದಿದ್ದು ಅಕ್ಷರಶಃ ಇದೇ. ಅವರು ಟಾಮ್ ಡೊರಾನ್ಸ್ ಹೆಸರು ಕೇಳಿರಲಿಕ್ಕಿಲ್ಲ. ಟಾಮ್ ಡೊರಾನ್ಸ್ ಕೂಡ ಇವರ ಹೆಸರು ಕೇಳಲಿಲ್ಲ. ಅವರ ಕೆಲಸ ಪುಸ್ತಕವಾಯಿತು, ಇವರದು ಇವರ ಜೊತೆಗೇ ಹೋಗುತ್ತದೆ.

ಹೈಫಾದ ಲೆಕ್ಕ, ದಸರೆಯ ತೋಪು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಕುದುರೆ ಪಡೆ ಪೂರ್ತಿ ಮುಗಿಯಲಿಲ್ಲ. 1807ರ ಒಪ್ಪಂದದ ಪ್ರಕಾರ ಮೈಸೂರು 4,000 ಸವಾರರನ್ನು ಇಟ್ಟುಕೊಳ್ಳಬೇಕಾಯಿತು. 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ಬಂತು. ಅವರು ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ತೈನ್ ಕಡೆ ಹೋಗಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಹೈಫಾ ಪಟ್ಟಣವನ್ನು ಹಿಡಿದರು. ಎದುರಿಗೆ ಮೆಷಿನ್ ಗನ್, ತೋಪು. ಇವರ ಕೈಯಲ್ಲಿ ಭರ್ಜಿ. ಆ ದಿನ ಸತ್ತ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಈ ಸಂಖ್ಯೆ ಓದಿದಾಗ ಮೊದಲ ಸಲ ಕುದುರೆಯ ಅಂಕಿ ನನಗೆ ಬರೀ ಅಂಕಿಯಾಗಿ ಕಾಣಲಿಲ್ಲ. ಮನುಷ್ಯರಿಗೆ ದೇಶ, ಸಂಬಳ, ಮಾನ, ಪದಕ ಏನೋ ಒಂದು ಕಾರಣ ಇತ್ತು. ಕುದುರೆಗಳಿಗೆ ಇದ್ದದ್ದು ಮೇಲೆ ಕೂತವನು ಮಾತ್ರ.

ಇಲ್ಲಿ ನನಗೆ ಉತ್ತರ ಸಿಗದ ಒಂದು ಪ್ರಶ್ನೆ ಇದೆ, ಮುಚ್ಚಿಡುವುದಿಲ್ಲ. ನಂಬಿಸುವುದು ಒಳ್ಳೆಯ ದಾರಿ ಅಂತ ಇಷ್ಟು ಹೊತ್ತು ಬರೆದೆ. ಆದರೆ ನಂಬಿಸಿದ್ದು ಯಾತಕ್ಕೆ? ಮೆಷಿನ್ ಗನ್ನಿನ ಎದುರು ಒಯ್ಯಲಿಕ್ಕೆ. ಬಗ್ಗಿದ ಕುದುರೆ ಓಡಿಹೋಗಿ ಬದುಕಿಕೊಂಡೀತು, ನಂಬಿದ ಕುದುರೆ ಜೊತೆಗೆ ಬಂದು ಸತ್ತಿತು. ಹಾಗಂತ ನಂಬಿಸಲೇಬಾರದು ಅನ್ನಲೂ ಆಗುವುದಿಲ್ಲ. ಒಂದು ಪ್ರಾಣಿ ನಮ್ಮನ್ನು ನಂಬುವ ಹಾಗೆ ಮಾಡುವುದು ಬರೀ ಟೆಕ್ನಿಕ್ ಅಲ್ಲ, ಆಮೇಲೆ ಅದನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಅನ್ನುವುದೂ ಸೇರಿಕೊಂಡ ಜವಾಬ್ದಾರಿ ಅಂತ ಮಾತ್ರ ನನಗೆ ಅನಿಸಿದೆ. ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 950ರಲ್ಲೇ, ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಅನ್ನುವ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟಿದ್ದಾರೆ. ಋಣ ಅನ್ನುವುದು ಅವರಿಗೆ ಗೊತ್ತಿತ್ತು.

ಸಮಾಧಾನದ ಸುದ್ದಿಯೂ ಒಂದಿದೆ. ಆ ಹಳೆಯ ವಿದ್ಯೆಯ ಒಂದು ತುಣುಕು ಪ್ರತಿವರ್ಷ ಮೈಸೂರಿನಲ್ಲಿ ಎಲ್ಲರ ಕಣ್ಣೆದುರೇ ನಡೆಯುತ್ತದೆ. ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರು ಶುರುಮಾಡಿದ ದಸರೆ ಮೈಸೂರಿಗೆ ಹೋದ ಮೇಲೂ 21 ಕುಶಾಲತೋಪು ಹಾರಿಸುವ ಪದ್ಧತಿ ಇದೆಯಲ್ಲ, ಅದಕ್ಕೆ ಮುಂಚೆ ಆನೆಗಳಿಗೂ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳಿಗೂ ತಾಲೀಮು ಕೊಡುತ್ತಾರೆ. ಅರಮನೆ ಹತ್ತಿರ ಅವನ್ನು ಸಾಲಾಗಿ ನಿಲ್ಲಿಸಿ ತೋಪು ಹಾರಿಸುತ್ತಾರೆ. ಮೊದಲ ದಿನ ಹೊಸಬರು ಬೆದರುತ್ತಾರೆ (ಆನೆ ಕುದುರೆಗಳ ಜೊತೆ ಪ್ರೇಕ್ಷಕರೂ!). ಸವಾರ ಕತ್ತು ತಟ್ಟುತ್ತಾನೆ, ಮಾವುತ ಏನೋ ಹೇಳುತ್ತಾನೆ. ಪಕ್ಕದಲ್ಲಿ ಹಳೆಯ, ಅನುಭವಸ್ಥ ಪ್ರಾಣಿಗಳು ತಣ್ಣಗೆ ನಿಂತಿರುತ್ತವೆ. ಕೆಲವು ದಿನ ಬಿಟ್ಟು ಮತ್ತೆ, ಇನ್ನು ಕೆಲವು ದಿನ ಬಿಟ್ಟು ಮತ್ತೆ. ಚಿನಕುರಳಿಯ ಆ ಒಂದು ತೋಪಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇಲ್ಲಿ ಸದ್ದು ಬರುವಾಗ ಪಕ್ಕದಲ್ಲಿ ಗೊತ್ತಿರುವ ಒಂದು ಕೈ ಇರುತ್ತದೆ, ಆ ಕೈ ಹೆದರಿರುವುದಿಲ್ಲ.

ಬರೆಯುತ್ತಾ ಹೋದರೆ ಇನ್ನೂ ಇದೆ, ಸದ್ಯಕ್ಕೆ ಸಾಕು. ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮೂರಿನಲ್ಲೂ ಲಾಯದ ಬೀದಿ ಅಂತ ಇರಬಹುದು, ಜಟಕಾ ಸ್ಟ್ಯಾಂಡ್ ಅಂತ ಹೆಸರು ಮಾತ್ರ ಉಳಿದಿರಬಹುದು, ಲಾಳ ಕಟ್ಟುತ್ತಿದ್ದ ಮನೆ ಇರಬಹುದು. ಅಲ್ಲಿ ಎಪ್ಪತ್ತು ಎಂಬತ್ತು ದಾಟಿದವರು ಒಬ್ಬರಾದರೂ ಸಿಗುತ್ತಾರೆ. ಹೊಸ ಕುದುರೆ ಮನೆಗೆ ಬಂದ ಮೊದಲ ವಾರ ಏನು ಮಾಡುತ್ತಿದ್ದಿರಿ ಅಂತ ಕೇಳಿ, ಅವರ ಮಾತಿನಲ್ಲೇ ಬರೆದಿಡಿ. ರಾಜರ ಕುದುರೆಗಳನ್ನು ಎಣಿಸಿದ್ದು ಆಗಿದೆ. ಇವರು ಹೇಳುವುದನ್ನು ಇನ್ನೂ ಯಾರೂ ಸರಿಯಾಗಿ ಕೇಳಿಸಿಕೊಂಡಿಲ್ಲ.